‘ಗಪ್ಪಾದೆ’ ಅಂದರೆ ‘ಒಪ್ಪಿದೆ’ ಅಂತಲ್ಲ

ಬೆಳಗಿನ ಐದೂವರೆ. ತೆಲಂಗಾಣದ ನಾರಾಯಣಪೇಟೆಯ ಒಂದು ಸರ್ಕಾರಿ ಕಟ್ಟಡದ ಅಂಗಳವನ್ನು ಮಹಾಂತಮ್ಮ ಮೂರನೇ ಸಲ ಗುಡಿಸುತ್ತಿದ್ದಾರೆ. ಕಸ ಎನ್ನಲು ಅಲ್ಲಿ ಬೇವಿನ ಒಂದು ಎಲೆಯೂ ಉಳಿದಿಲ್ಲ. ಸಾಕು, ಕೂತುಕೊಳ್ಳಿ ಎಂದರೆ “ಕೈ ಸುಮ್ನ ಇರವಲ್ದುರಿ” ಎನ್ನುತ್ತಾರೆ. ಪೊರಕೆಯನ್ನು ಗೋಡೆಗೆ ಒರಗಿಸಿ, ಒಳಕೋಣೆಯ ಬಾಗಿಲವರೆಗೆ ಹೋಗಿ ಕಿವಿಗೊಟ್ಟು, ಬಂದು ಮತ್ತೆ ಪೊರಕೆ ಹಿಡಿಯುತ್ತಾರೆ. ಆ ಕೋಣೆಯಲ್ಲಿ ಇಪ್ಪತ್ಮೂರು ವರ್ಷದ ಹೆಣ್ಣುಮಗಳೊಬ್ಬಳು ಮಲಗಿದ್ದಾಳೆ. ಇವತ್ತು ಹನ್ನೊಂದು ಗಂಟೆಗೆ ಅವಳು ಗದ್ವಾಲದಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಡಬೇಕು. ಮಹಾಂತಮ್ಮನ ನಿದ್ದೆ ಕೆಟ್ಟು ನಾಲ್ಕು ದಿನವಾಗಿದೆ.

ಅತ್ಯಾಚಾರಕ್ಕೆ, ಹೊಡೆತ ಬಡಿತಕ್ಕೆ ಸಿಕ್ಕ ಹೆಂಗಸರಿಗೆ ವೈದ್ಯರು, ವಕೀಲರು, ಧೈರ್ಯ ಹೇಳುವವರು, ತಂಗಲು ಒಂದು ಹಾಸಿಗೆ ಎಲ್ಲವೂ ಒಂದೇ ಕಡೆ ಸಿಗಲಿ ಎಂದು ಮಾಡಿದ ಕೇಂದ್ರ ಇದು. ಮಹಾಂತಮ್ಮ ಇಲ್ಲಿ ಸಹಾಯಕಿ. ಕಾಗದದ ಪ್ರಕಾರ ಅವರ ಕೆಲಸ ಗುಡಿಸುವುದು, ಒರೆಸುವುದು, ಚಹಾ ಕಾಯಿಸುವುದು. ಕಾಗದದಲ್ಲಿ ಇಲ್ಲದ ಕೆಲಸವೇ ದೊಡ್ಡದು. ಗಡಿಸೀಮೆಯ ಹೆಂಗಸರು ಕನ್ನಡದಲ್ಲಿ ಹೇಳಿಕೊಂಡದ್ದನ್ನು ಅವರು ತೆಲುಗಿನವರಿಗೆ ತಲುಪಿಸುತ್ತಾರೆ. ಮಕ್ತಲ್ ದವಾಖಾನೆಯಿಂದ ಫೋನ್ ಬಂದರೂ ಇವರೇ, ಗದ್ವಾಲದಿಂದ ಬಂದರೂ ಇವರೇ. ಇಂಥ ಕೆಲಸಕ್ಕೆ ಒಂದು ಹುದ್ದೆಯ ಹೆಸರೂ ಇಲ್ಲವಲ್ಲ ಎಂದು ಬರೆಯಲು ಬಂದ ನನಗೆ ಸಿಟ್ಟು ಬರುತ್ತದೆ. ಅವರಿಗೆ ಅದರ ಗೊಡವೆಯೇ ಇಲ್ಲ.

ಐವತ್ನಾಲ್ಕು ವರ್ಷದ ಮಹಾಂತಮ್ಮ ಹುಟ್ಟಿದ್ದು ಕರ್ನಾಟಕದ ಗಡಿಗೆ ಹತ್ತಿದ ಕೃಷ್ಣಾ ಮಂಡಲದ ಹೊಳೆದಂಡೆಯ ಹಳ್ಳಿಯಲ್ಲಿ. ಮದುವೆಯಾಗಿ ಬಂದದ್ದು ನಾರಾಯಣಪೇಟೆಯ ಮಗ್ಗದ ಮನೆಗೆ. “ಅಪ್ಪನ ಮನ್ಯಾಗ ಕನ್ನಡ, ಸಾಲ್ಯಾಗ ತೆಲುಗು, ಸಂತ್ಯಾಗ ಉರ್ದು. ಯಾವ ಮಾತು ಯಾವ ಭಾಷಿದು ಅಂತ ನನಗ ತಿಳಿಯಂಗಿಲ್ಲರಿ, ಬಾಯಿ ತಾನ ಹೊಳ್ಳತೈತಿ” ಎಂದು ನಗುತ್ತಾರೆ. ಓದಿದ್ದು ನಾಲ್ಕನೆಯ ಇಯತ್ತೆ. ಬಸ್ಸಿನ ಬೋರ್ಡು ಓದುತ್ತಾರೆ, ಪೊಲೀಸರ ಕೈಬರಹ ಓದಲಾರರು. ಗಂಡ ಸಿದ್ದರಾಮೇಶ ಈಗಲೂ ಸೀರೆ ನೇಯುತ್ತಾರೆ. “ಮನ್ಯಾಗ ಈಕಿ ಒಂದ್ ನಿಮಿಷ ಬಾಯಿ ಮುಚ್ಚಂಗಿಲ್ಲ. ಕೆಲಸದ ಮಾತು ಮಾತ್ರ ಹತ್ತು ವರ್ಷದಾಗ ಒಂದೂ ಹೇಳಿಲ್ಲ” ಎಂದು ಅವರು ನನ್ನಲ್ಲಿ ದೂರುತ್ತಾರೋ ಹೊಗಳುತ್ತಾರೋ ಗೊತ್ತಾಗುವುದಿಲ್ಲ. ಓಣಿಯವರ ಲೆಕ್ಕದಲ್ಲಿ ಮಹಾಂತಮ್ಮ ಯಾವುದೋ ಹಾಸ್ಟೆಲಿನ ಆಯಾ.

ಈ ವರ್ಷ ಇಂಥ ಹನ್ನೊಂದು ಹೆಣ್ಣುಮಕ್ಕಳ ಪಕ್ಕದಲ್ಲಿ ಅವರು ಕೂತಿದ್ದಾರೆ. ಕೂತವರು ಏನು ಮಾಡುತ್ತೀರಿ ಎಂದು ಕೇಳುತ್ತೇನೆ. “ಏನಾತು ಅಂತ ನಾ ಕೇಳಂಗಿಲ್ಲರಿ. ಅದನ್ನ ಕೇಳಾಕ ಮಂದಿ ಬೇಕಾದಷ್ಟು ಅದಾರ. ನೀರು ಬೇಕೇನವ್ವಾ, ಯಾರನ್ನ ಹೊರಗ ಕಳಿಸ್ಲಿ, ಅಷ್ಟ ಕೇಳ್ತೀನಿ.” ಆಮೇಲೆ ಔಷಧದ ಮಾತು. ಅದನ್ನು ಹೇಳುವಾಗ ಅವರ ದನಿ ಗಟ್ಟಿಯಾಗುತ್ತದೆ. “ಮೂರು ದಿನದೊಳಗ ದವಾಖಾನಿಗೆ ಬಂದ್ರ ಬಸುರಾಗದಂಗ ಗುಳಿಗಿ ಐತಿ, ಎಚ್‌ಐವಿ ಹತ್ತದಂಗ ಗುಳಿಗಿ ಐತಿ. ಎಷ್ಟು ಲಗೂ ಬಂದ್ರ ಅಷ್ಟು ಚೊಲೊ. ಕಂಪ್ಲೇಂಟ್ ಕೊಡೋದು ಬಿಡೋದು ಆಮ್ಯಾಲಿನ ಮಾತು, ಔಷಧಕ್ಕ ಪೊಲೀಸರ ಚೀಟಿ ಬೇಕಾಗಂಗಿಲ್ಲ. ತಡ ಆದ್ರೂ ಬರ್ರಿ. ಯಾರಿಗೆ ಕೇಳಬೇಕು ತಿಳೀಲಿಲ್ಲಂದ್ರ ಹೆಂಗಸರ ಸಹಾಯದ ನಂಬರ್ ನೂರಾ ಎಂಬತ್ತೊಂದಕ್ಕ ಫೋನ್ ಹಚ್ಚರಿ.”

ಊರ ಹೆಂಗಸರು ಮೊದಲು ಮಾಡುವ ಕೆಲಸ ತಲೆಗೆ ನೀರು ಹಾಕುವುದು, ಬಟ್ಟೆ ಒಗೆದು ಹಾಕುವುದು. ಅದು ಅಕ್ಕರೆಯಿಂದಲೇ ಮಾಡುವ ತಪ್ಪು, ಗುರುತುಗಳೆಲ್ಲ ಆ ನೀರಿನಲ್ಲಿ ಹೋಗುತ್ತವೆ. ಮಹಾಂತಮ್ಮ ಫೋನಿನಲ್ಲೇ ತಡೆಯುತ್ತಾರೆ. ನೀರು ಹಾಕಿಯಾಗಿದೆ ಎಂದರೆ ಬೈಯುವುದಿಲ್ಲ, ಹಾಗೇ ಕರೆದುಕೊಂಡು ಬನ್ನಿ ಎನ್ನುತ್ತಾರೆ. ಉಟ್ಟ ಬಟ್ಟೆಯನ್ನು ಒಗೆಯದೆ, ಆರಿದ ಮೇಲೆ ಕಾಗದದ ಚೀಲದಲ್ಲಿ ಇಡಿಸುತ್ತಾರೆ. “ಹಸಿ ಸೀರಿ ಪ್ಲಾಸ್ಟಿಕಿನ್ಯಾಗ ಇಟ್ರ ಬೂಸರು ಹಿಡಿತೈತಿ. ಮಗ್ಗದ ಮನಿಯವರಿಗೆ ಇದನ್ನ ಯಾರು ಕಲಿಸಬೇಕ್ರಿ?” ಪರೀಕ್ಷೆಯ ಹೊತ್ತಿಗೆ ಇನ್ನೊಂದು ಮಾತು. “ಮುಟ್ಟೋಕಿಂತ ಮೊದ್ಲ ಡಾಕ್ಟರಮ್ಮ ಕೇಳಬೇಕು. ಬ್ಯಾಡ ಅಂದ್ರ ಬ್ಯಾಡ. ಬ್ಯಾಡ ಅಂದಳಂತ ಔಷಧ ನಿಲ್ಲಸಾಕ ಬರಂಗಿಲ್ಲ.”

ಆ ಹನ್ನೊಂದು ಮಂದಿಯಲ್ಲಿ ನಾಲ್ವರು ದೂರು ಕೊಡಲಿಲ್ಲ. ನಾಲ್ವರೂ ಹದಿನೆಂಟು ದಾಟಿದವರು, ತೀರ್ಮಾನ ಅವರದೇ. ನನಗೆ ಅದು ನುಂಗಲಾಗದ ಲೆಕ್ಕ, ಮುಖದಲ್ಲೇ ಕಾಣಿಸಿತೋ ಏನೋ. “ನೀವು ಯಾಕ ಬ್ಯಾಸರ ಮಾಡ್ಕೋತೀರಿ? ಜೀವ ಅಕಿದು, ಮಾತೂ ಅಕಿದು. ಔಷಧ ತಗೊಂಡಾಳ, ನಿದ್ದಿ ಮಾಡ್ಯಾಳ. ಮುಂದ ಮನಸಾದ್ರ ಬರ್ತಾಳ, ನಾವಿಲ್ಲೇ ಇರತೀವಿ” ಎಂದು ನನ್ನನ್ನೇ ಸಮಾಧಾನ ಮಾಡುತ್ತಾರೆ.

ಇಷ್ಟು ತಿಳಿದವರಿಗೆ ನಿದ್ದೆ ಕೆಟ್ಟದ್ದು ಯಾಕೆ ಎಂದರೆ ಒಂದು ಮಾತಿನಿಂದ. ಒಳಗೆ ಮಲಗಿರುವ ಹೆಣ್ಣುಮಗಳ ಹೆಸರು, ಊರು ಬರೆಯುವುದಿಲ್ಲ. ಕಾನೂನು ಬೇಡ ಎನ್ನುತ್ತದೆ, ನನಗೂ ಬೇಡ. ರಾಯಚೂರು ಕಡೆಯಿಂದ ಗದ್ವಾಲ ಸೀಮೆಗೆ ಮದುವೆಯಾಗಿ ಬಂದವಳು, ಹತ್ತಿಬೀಜದ ಹೊಲದಲ್ಲಿ ಬೀಜ ಕಟ್ಟಲೆಂದು ಹೂವಿಗೆ ಹೂವು ತಾಕಿಸುವ ಕೆಲಸದವಳು. ದೂರು ಇರುವುದು ಆ ಹೊಲದ ಮೇಸ್ತ್ರಿಯ ಮೇಲೆ. ಅವನ ಕಡೆಯವರ ಕಾಟ ಬೇಡವೆಂದು ಅವಳನ್ನು ಊರಿನಿಂದ ದೂರ, ಇಲ್ಲಿ ಇಟ್ಟಿದ್ದಾರೆ. ಹತ್ತೊಂಬತ್ತು ದಿನದ ಹಿಂದೆ ಪೊಲೀಸರು ಅವಳ ಹೇಳಿಕೆ ತೆಗೆದುಕೊಂಡರು. ಬರೆದುಕೊಂಡವರಿಗೆ ಕನ್ನಡ ಬಾರದು, ಅವಳಿಗೆ ತೆಲುಗು ಬಾರದು. ನಡುವೆ ಮಹಾಂತಮ್ಮ.

ಅವಳು ಹೇಳಿದ್ದು “ನಾ ಗಪ್ಪಾದೆ” ಎಂದು. ಮಹಾಂತಮ್ಮನ ಬಾಯಿ ಎಂದಿನಂತೆ ತಾನೇ ಹೊರಳಿ “ಊರುಕುಂದಿ” ಎಂದಿತು. ತೆಲುಗಿನಲ್ಲಿ ಅದಕ್ಕೆ ಸುಮ್ಮನಾದಳು ಎಂಬ ಅರ್ಥವೂ ಇದೆ, ಹೋಗಲಿ ಬಿಡು ಎಂದು ಸುಮ್ಮನೆ ಬಿಟ್ಟಳು ಎಂಬ ಅರ್ಥವೂ ಇದೆ. ಬರೆಯುವವರು ಎರಡನೆಯದನ್ನು ಹಿಡಿದು, ‘ಅಡ್ಡಿ ಹೇಳದೆ ಊರುಕುಂದಿ’ ಎಂದು ಬರೆದರು. ನಾಲ್ಕು ದಿನದ ಹಿಂದೆ ಕೇಂದ್ರದ ಸಮಾಲೋಚಕಿ ನವನೀತಾ ಆ ಪ್ರತಿಯನ್ನು ಗಟ್ಟಿಯಾಗಿ ಓದುತ್ತಿದ್ದಾಗ, ನೆಲ ಒರೆಸುತ್ತಿದ್ದ ಮಹಾಂತಮ್ಮನ ಕಿವಿಗೆ ಅದು ಬಿತ್ತು.

“ಗಪ್ಪಾಗೋದು ಅಂದ್ರ ಹೆದರಿಕಿಗೆ ದನಿ ನಿಂತು ಹೋಗೋದ್ರಿ. ಒಪ್ಪಿದ್ದಲ್ಲ. ಅಕಿ ಸರಿಯಾಗೇ ಹೇಳ್ಯಾಳ. ಕೆಡಿಸಿದಾಕಿ ನಾನು” ಎನ್ನುವಾಗ ಅವರ ಕಣ್ಣು ತುಂಬುತ್ತದೆ. ಅಡ್ಡಿ ಮಾಡಲಿಲ್ಲ ಎಂದ ಮಾತ್ರಕ್ಕೆ ಒಪ್ಪಿಗೆ ಆಗುವುದಿಲ್ಲ, ಕಾನೂನಿನಲ್ಲೇ ಹಾಗಿದೆ ಎಂದು ನವನೀತಾ ಧೈರ್ಯ ಹೇಳಿದರು. ಆದರೂ ಆರೋಪಿಯ ಕಡೆಯ ವಕೀಲರು ಆ ಒಂದು ಸಾಲನ್ನು ಹಿಡಿದು ಜಗ್ಗದೆ ಬಿಡುವುದಿಲ್ಲ ಎಂದೂ ಹೇಳಿದರು. ತರ್ಜುಮೆ ಮಾಡುವಲ್ಲಿ ತಪ್ಪಿದ್ದು ನಾನು ಎಂದು ಮಹಾಂತಮ್ಮ ಬರೆಸಿ ಸಹಿ ಹಾಕಿ ಠಾಣೆಗೆ ಕೊಟ್ಟು ಬಂದರು. ನಿಮ್ಮದಲ್ಲದ ಕೆಲಸ ಯಾಕೆ ಮಾಡಿದಿರಿ ಎಂದು ಮೇಲಿನವರು ಕೇಳಿದರೆ ಈ ನೌಕರಿಯೂ ಹೋದೀತು. ಅದು ಗೊತ್ತಿದ್ದೇ ಕೊಟ್ಟರು.

ಕಷ್ಟವಾದದ್ದು ಆ ಹೆಣ್ಣುಮಗಳಿಗೆ ಹೇಳುವುದು. “ನಿನ್ನ ಮಾತು ನಾ ಕೆಡಿಸೀನವ್ವಾ” ಎಂದು, ‘ಊರುಕುಂದಿ’ ಎಂದದ್ದನ್ನೂ ಬಿಡಿಸಿ ಹೇಳಿದರಂತೆ. ಅವಳು ಗೋಡೆಯ ಕಡೆ ಹೊರಳಿದವಳು ಆ ದಿನವೆಲ್ಲ ಈ ಕಡೆ ತಿರುಗಲಿಲ್ಲ. ಮಹಾಂತಮ್ಮ ತಪ್ಪಾಯಿತು ಎಂದು ಕಾಲು ಹಿಡಿಯಲಿಲ್ಲ, ಹೊತ್ತು ಹೊತ್ತಿಗೆ ರೊಟ್ಟಿ, ಚಹಾ ಬಾಗಿಲ ಬಳಿ ಇಟ್ಟು ಬಂದರು. ಮಾರನೆಯ ದಿನ ಅವಳೇ ಕೇಳಿದಳು: “ಕೋರ್ಟಿನ್ಯಾಗ ನೀವು ಇಲ್ಲದ ಹೇಳಾಕ ಬರತೈತೇನು?” ಕನ್ನಡದಲ್ಲೇ ಹೇಳಬಹುದು, ಕೋರ್ಟಿನವರೇ ಬೇರೆ ದುಭಾಷಿಯನ್ನು ಕೂರಿಸುತ್ತಾರೆ, ಬರೆದದ್ದನ್ನು ಓದಿ ಹೇಳುತ್ತಾರೆ, ತಪ್ಪಿದ್ದರೆ ತಿದ್ದಿಸಬಹುದು ಎಂದು ನವನೀತಾ ವಿವರಿಸಿದರು. ಮಹಾಂತಮ್ಮ ಎದ್ದು ಪೊರಕೆ ಹಿಡಿದರು. “ಹಿಂಗ ಹೇಳು ಅಂತ ನೂರು ಸಲ ನಾಲಿಗಿ ತುದಿಗೆ ಬಂತ್ರಿ. ಕಲಿಸಬಾರದು. ಕಲಿಸಿದ ಮಾತು ಅಲ್ಲಿ ನಿಲ್ಲಂಗಿಲ್ಲ.”

ಎಂಟಕ್ಕೆ ಕೇಂದ್ರದ ಗಾಡಿ ಹೊರಡುತ್ತದೆ. ಅದರಲ್ಲಿ ನನಗೆ ಜಾಗವಿಲ್ಲ, ಇರಲೂಬಾರದು. ಅದರ ಹಿಂದೆಯೇ ಬಸ್ಸು ಹಿಡಿದು ಮಕ್ತಲ್ ದಾಟಿ ನಾನು ಗದ್ವಾಲದ ಕೋರ್ಟು ಮುಟ್ಟುವ ಹೊತ್ತಿಗೆ ಹನ್ನೊಂದು ಹೊಡೆದಿದೆ. ಅವಳು ಒಳಗೆ ಹೋಗಿದ್ದಾಳೆ, ಬಾಗಿಲು ಮುಚ್ಚಿದೆ. ಮಹಾಂತಮ್ಮ ವರಾಂಡದ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದಾರೆ. ನೀರು ಕುಡಿಯಲು ಹೋಗುತ್ತಾರೆ, ಕುಡಿಯದೆ ಬರುತ್ತಾರೆ. ಗಂಟಿ ಎಷ್ಟಾತು ಎಂದು ಕೇಳುತ್ತಾರೆ, ಐದು ನಿಮಿಷಕ್ಕೆ ಮತ್ತೆ ಕೇಳುತ್ತಾರೆ.

ಬೇವಿನ ಮರದ ಕೆಳಗೆ ಮೇಸ್ತ್ರಿಯ ಕಡೆಯ ಇಬ್ಬರು ನಿಂತಿದ್ದಾರೆ. “ಊರುಕುಂದನಿ ರಾಸಿಂಡ್ರು ಕದಾ” ಎಂದು ಒಬ್ಬ ನಗುತ್ತಾನೆ. ಸುಮ್ಮನಿದ್ದಳು ಅಂತಲೇ ಬರೆದಿದ್ದಾರಲ್ಲ ಎಂದರ್ಥ. ಪೊಲೀಸರ ಕಾಗದದ ಸಾಲು ಇವರ ಬಾಯಿಗೆ ಹೇಗೆ ಬಂತೋ. ಅವರ ಜೊತೆ ಜಗಳಕ್ಕೆ ನಿಲ್ಲಬೇಕೆಂದು ನನಗೇ ಮೈ ಉರಿಯುತ್ತದೆ. ಮಹಾಂತಮ್ಮ ನನ್ನ ತೋಳು ಹಿಡಿದು, “ಬ್ಯಾಡ್ರಿ, ಒಳಗ ಅಕಿಗೆ ಗದ್ದಲ ಕೇಳಿಸ್ತೈತಿ” ಎನ್ನುತ್ತಾರೆ.

ಹನ್ನೆರಡೂ ಇಪ್ಪತ್ತೈದಕ್ಕೆ ಬಾಗಿಲು ತೆರೆಯುತ್ತದೆ. ಅವಳು ಹೊರಗೆ ಬಂದು ನೀರು ಕೇಳುತ್ತಾಳೆ, ಬಾಟಲಿಯನ್ನು ಒಂದೇ ಸಮನೆ ಖಾಲಿ ಮಾಡುತ್ತಾಳೆ. ನವನೀತಾ ಏನೂ ಕೇಳುವುದಿಲ್ಲ. ಮಹಾಂತಮ್ಮನೂ ಕೇಳುವುದಿಲ್ಲ, ಸೆರಗಿನ ತುದಿ ಮಾತ್ರ ಕೈಯಲ್ಲಿ ಮುದ್ದೆಯಾಗುತ್ತಿದೆ. ಅವಳು ಅದನ್ನು ನೋಡಿ ತಾನಾಗಿಯೇ ಹೇಳುತ್ತಾಳೆ. ಇಷ್ಟನ್ನು ಬರೆಯಬಹುದು ಎಂದು ಆಮೇಲೆ ಒಪ್ಪಿಗೆಯನ್ನೂ ಕೊಡುತ್ತಾಳೆ.

“ದುಭಾಷಿ ಅಕ್ಕಾರೂ ಊರುಕುಂದಿ ಅಂದ್ರು. ನಾ ಅಲ್ಲ ಅಂದೆ. ಓದಿ ಹೇಳುವಾಗ ಹೊಳ್ಳಿ ಅದ ಬಂತು. ಅಲ್ಲರಿ, ಗಪ್ಪಾದೆ ಅಂತ ಹೇಳೀನಿ ಅಂದೆ. ಹಂಗಂದ್ರ ಏನು ಅಂತ ಜಡ್ಜ್ ಮ್ಯಾಡಮ್ ಕೇಳಿದ್ರು. ಹೆದರಿಕಿಗೆ ಗಂಟಲ ಕಟ್ಟಿ ದನಿ ಹೊರಡಲಿಲ್ರಿ, ನಾ ಒಪ್ಪಿಲ್ಲ ಅಂದೆ. ಅದನ್ನ ಬರಸಿದ್ರು. ಇನ್ನೊಮ್ಮೆ ಓದಿಸಿ ಕೇಳಿದ ಮ್ಯಾಲ ಸಹಿ ಹಾಕೀನಿ.”

ಅಷ್ಟು ಹೇಳಿ ಅವಳು ನವನೀತಾರ ಜೊತೆ ಗಾಡಿಯ ಕಡೆ ನಡೆಯುತ್ತಾಳೆ. ಮೊಕದ್ದಮೆ ಇನ್ನೆಷ್ಟು ವರ್ಷ ಎಳೆಯುತ್ತದೋ, ಯಾರು ಗೆಲ್ಲುತ್ತಾರೋ ನನಗೆ ಗೊತ್ತಿಲ್ಲ. ಮಹಾಂತಮ್ಮನಿಗೆ ಏನು ಬೇಕು ಎಂದು ಕೇಳುತ್ತೇನೆ. ಲೇಖನ ಮುಗಿಸಲು ಎಲ್ಲರೂ ಕೇಳುವ ಪ್ರಶ್ನೆಯೇ, ನಾಚಿಕೆಯಿಂದಲೇ ಕೇಳುತ್ತೇನೆ. ಎರಡೂ ಭಾಷೆ ಬಲ್ಲ, ಬರೆದದ್ದನ್ನು ಓದಲೂ ಬರುವ ಒಬ್ಬಳನ್ನು ಈ ಕೆಲಸಕ್ಕೆಂದೇ ನೇಮಿಸಲಿ ಎನ್ನುತ್ತಾರೆ. ನಿಮ್ಮ ಜಾಗ ಹೋಗುತ್ತದಲ್ಲ ಎಂದರೆ ಹೋಗಲಿ ಎನ್ನುತ್ತಾರೆ. ಗಾಡಿ ಹತ್ತುತ್ತಿರುವ ಅವಳನ್ನು ನೋಡುತ್ತ ಹೇಳುತ್ತಾರೆ:

“ಎರಡು ಸಲ ಅಲ್ಲ ಅಂದಾಳಲ್ಲರಿ, ಅಷ್ಟು ದೊಡ್ಡವರ ಮುಂದ. ಇವತ್ತ ಅಕಿಗೆ ನನ್ನ ಬಾಯಿ ಬೇಕಾಗಲಿಲ್ಲ.”