ಕಲ್ಲಿನ ಮೇಲೆ ರೂತವ್ವನ ಹೆಸರು

ಹುಬ್ಬಳ್ಳಿಯ ಹಳೆಯ ಮಿಷನ್ ಚರ್ಚಿನಲ್ಲಿ ರೂತವ್ವ ಹಾಡತೊಡಗಿದರೆ ಉಳಿದವರು ಬರೀ ತುಟಿ ಆಡಿಸಿದರೂ ಸಾಕು. ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತರಾದ ಅವರಿಗೆ ಯಾವ ಕೆಲಸವನ್ನೂ ಇನ್ನೊಬ್ಬರಿಗೆ ಬಿಟ್ಟು ಗೊತ್ತಿಲ್ಲ. ಗಂಡ ಎಲೀಯಪ್ಪ ತೀರಿಕೊಂಡಾಗ ಸಮಾಧಿಯ ಕಲ್ಲಿನಲ್ಲಿ ತಮ್ಮ ಹೆಸರನ್ನೂ ಕೆತ್ತಿಸಿಬಿಟ್ಟರು, ಸಾಯುವ ತಾರೀಕಿಗಷ್ಟೇ ಜಾಗ ಬಿಟ್ಟು.

"ಮಕ್ಕಳಿಗೆ ಬಿಟ್ಟರ ತಪ್ಪು ಕೆತ್ತಸ್ತಾರ್ರಿ," ಎಂಬುದು ಅವರ ವಾದ.

ಈಚೆಗೆ ಹೊಸ ಸಭಾಪಾಲಕರು ಬಂದರು. ಬಂದ ಎರಡನೇ ವಾರವೇ ಅಗಲಿದವರ ಸ್ಮರಣೆಯ ಆರಾಧನೆ. ಸಮಾಧಿಗಳನ್ನು ಸುತ್ತಿ ಹೆಸರು ಬರೆದುಕೊಂಡಿದ್ದ ಅವರು ಗಂಭೀರವಾಗಿ ಓದಿದರು: "ಎಲೀಯಪ್ಪ ಮತ್ತು ಅವರ ಪತ್ನಿ ರೂತವ್ವ, ಕರ್ತನಲ್ಲಿ ನಿದ್ರೆಹೋದವರು."

ಮುಂದಿನ ಬೆಂಚಿನಿಂದ ರೂತವ್ವ ಎದ್ದು ನಿಂತರು.

"ಅಯ್ಯನವರ, ಹೋದ ವಾರ ನಿಮ್ಮ ಪ್ರಸಂಗದಾಗ ನಿದ್ದಿ ಹೋಗಿದ್ನಿ, ಖರೇ. ಕರ್ತನಲ್ಲಿ ಇನ್ನೂ ಇಲ್ರಿ!"

ಕರವಸ್ತ್ರದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದವರೆಲ್ಲ ಅದೇ ಕರವಸ್ತ್ರ ಬಾಯಿಗೆ ಒತ್ತಿಕೊಂಡು ನಕ್ಕರು. ಆರಾಧನೆ ಮುಗಿದ ಮೇಲೆ ಸಭಾಪಾಲಕರು ಬೆವರೊರೆಸುತ್ತ ಕ್ಷಮೆ ಕೇಳಲು ಬಂದರು. ರೂತವ್ವ ಅವರ ಕೈ ಹಿಡಿದುಕೊಂಡರು.

"ನಮ್ಮವರ ಹೆಸರಿನ ಜೋಡಿ ನನ್ನ ಹೆಸರು ಯಾರರೆ ಕೂಡಿಸಿ ಹೇಳಿ ಭಾಳ ದಿನ ಆಗಿತ್ರಿ. ಕೇಳಿ ಛಲೋ ಅನಿಸ್ತು," ಎಂದರು.

ಪಾಪಪ್ರಜ್ಞೆಯಿಂದ ಸಭಾಪಾಲಕರು ಅವರನ್ನು ಉಣಕಲ್ ಬಡಾವಣೆಯ ಮನೆಗೆ ಸ್ಕೂಟರಿನಲ್ಲಿ ತಾವೇ ಕರೆದೊಯ್ದರು. ಹಿಂದೆ ಕೂತ ರೂತವ್ವ ದಾರಿಯುದ್ದಕ್ಕೂ ಅವರ ಭುಜ ತಟ್ಟುತ್ತಿದ್ದರು.

"ಸಾವಕಾಶ ಹೊಡೀರಿ, ಅಯ್ಯನವರ. ನೀವು ಓದಿದ್ದನ್ನ ಇವತ್ತ ಖರೇ ಮಾಡಬ್ಯಾಡ್ರಿ!"