ಆರ್ಡಿಸ್‌ಳ ನಾಲ್ಕು ಕ್ರೆಡಿಟ್

ಕಾಗದ ಬಂದದ್ದು ಸೋಮವಾರ. ಆರ್ಡಿಸ್ ಅದನ್ನು ಓದಿ, ಮಡಚಿ ಬ್ರೆಡ್ಡಿನ ಡಬ್ಬದ ಕೆಳಗೆ ಸಿಕ್ಕಿಸಿ, ಆಲೂಗಡ್ಡೆ ಸುಲಿಯಲು ನಿಂತಳು. ಮೇಜಿನ ಬಳಿ ನನ್ನ ಅಣ್ಣ ಲೈಲ್ ಬೂಟು ಕೂಡ ಬಿಚ್ಚದೆ ಕೂತಿದ್ದ.

"ಏನಂತೆ?" ಎಂದೆ.

"ಆಗಲ್ಲವಂತೆ."

"ಆಗಲ್ಲ ಅಂದ್ರೆ ಬಿಟ್ಟುಬಿಡು," ಅಂದ ಲೈಲ್. "ಇಷ್ಟು ವರ್ಷ ಡಿಗ್ರಿ ಇಲ್ದೇನೇ ನಡೀಲಿಲ್ವಾ? ಊಟ ಎಷ್ಟೊತ್ತಿಗೆ?"

ಆರ್ಡಿಸ್ ಸುಲಿಯುತ್ತಲೇ ಇದ್ದಳು. ಸಿಪ್ಪೆಯ ಜೊತೆ ಅರ್ಧ ಆಲೂಗಡ್ಡೆಯೇ ಹೋಗುತ್ತಿತ್ತು. ನನ್ನ ಅತ್ತಿಗೆ ಅಷ್ಟು ದಪ್ಪಗೆ ಸಿಪ್ಪೆ ತೆಗೆದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

ಅವಳಿಗೆ ನಲವತ್ತೇಳು ವರ್ಷ. ನಮ್ಮೂರಿನ ಶಾಲೆಯಲ್ಲಿ ಹದಿನಾರು ವರ್ಷದಿಂದ ಸಹಾಯಕಿ. ಮಕ್ಕಳ ಕೋಟಿನ ಜಿಪ್ ಎಳೆಯುವುದು, ಮೂಗು ಒರೆಸುವುದು, ಓದು ಹತ್ತದವರನ್ನು ಮೂಲೆಯಲ್ಲಿ ಕೂರಿಸಿಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದಿಸುವುದು ಅವಳ ಕೆಲಸ. ಟೀಚರ್ ರಜೆ ಹಾಕಿದ ದಿನ ಇಡೀ ತರಗತಿ ನಡೆಸುತ್ತಿದ್ದಳು, ಸಂಬಳ ಮಾತ್ರ ಸಹಾಯಕಿಯದು. ಈ ಬೇಸಿಗೆಗೆ ಮೂರನೇ ತರಗತಿಯ ಟೀಚರ್ ನಿವೃತ್ತರಾಗುತ್ತಿದ್ದರು. ಪ್ರಿನ್ಸಿಪಾಲ್ ಬ್ರೆಕ್ಕೆ, "ಡಿಗ್ರಿ ಮುಗೀತು ಅಂತ ಒಂದು ಕಾಗದ ತಂದುಕೊಡಿ, ಜಾಗ ನಿಮ್ಮದು. ಗುರುವಾರ ನಾಲ್ಕು ಗಂಟೆಗೆ ಜಾಹೀರಾತು ವಾರಪತ್ರಿಕೆಗೆ ಹೋಗುತ್ತೆ, ಅಲ್ಲೀವರೆಗೂ ಕಾಯ್ತೀನಿ," ಎಂದಿದ್ದರು.

ಆ ಡಿಗ್ರಿಯನ್ನು ಅವಳು ಮೂರು ಕಡೆಯಿಂದ ಹೊಂದಿಸಿದ್ದಳು. ಮದುವೆಗೆ ಮುಂಚೆ ಒಂದು ಕಾಲೇಜು. ಲೈಲ್ ನದಿಯಾಚೆಯ ಸಕ್ಕರೆ ಕಾರ್ಖಾನೆಗೆ ಸೇರಿದಾಗ ಅಲ್ಲಿಯ ಇನ್ನೊಂದು. ಆಗ ಕಂಕುಳಲ್ಲಿ ಒಂದು ಮಗು, ಹೊಟ್ಟೆಯಲ್ಲಿ ಇನ್ನೊಂದು. ಕಳೆದ ಆರು ವರ್ಷದಿಂದ, ರಾತ್ರಿಯೂಟಕ್ಕೆ ಎಲ್ಲ ಸಿದ್ಧಮಾಡಿಟ್ಟು, ನಗರದ ವಿಶ್ವವಿದ್ಯಾಲಯದ ಸಂಜೆ ತರಗತಿ. ಟೀಚರಾಗಲು ಬೇಕಾದ ಪಾಠದ ತರಬೇತಿಯೂ ಮುಗಿದಿತ್ತು. ಹಳೆಯ ಕಾಲೇಜುಗಳ ಕ್ರೆಡಿಟ್‌ಗಳನ್ನು ವಿಶ್ವವಿದ್ಯಾಲಯ ಒಂದೊಂದಾಗಿ ಒಪ್ಪಿಕೊಂಡಿತ್ತು, ಒಂದನ್ನು ಬಿಟ್ಟು. ನದಿಯಾಚೆಯ ಕಾಲೇಜಿನ 'ಆಹಾರ ತಯಾರಿಕೆ', ನಾಲ್ಕು ಕ್ರೆಡಿಟ್. ಡಿಗ್ರಿಗೆ ಲ್ಯಾಬ್ ಇರುವ ವಿಜ್ಞಾನದ ನಾಲ್ಕು ಕ್ರೆಡಿಟ್ ಬೇಕೇ ಬೇಕು. ಕಾಗದದಲ್ಲಿ ಹೀಗಿತ್ತು: ಇದು ಗೃಹಕೃತ್ಯದ ಕೋರ್ಸು, ವಿಜ್ಞಾನವಲ್ಲ. ಮುಂದಿನ ಲ್ಯಾಬ್ ತರಗತಿ ಸೆಪ್ಟೆಂಬರಿಗೆ. ಅಷ್ಟರಲ್ಲಿ ಮೂರನೇ ತರಗತಿಯಲ್ಲಿ ಬೇರೆ ಯಾರೋ ನಿಂತಿರುತ್ತಾರೆ.

"ಆ ಕೋರ್ಸಲ್ಲಿ ಲ್ಯಾಬ್ ಇರ್ಲಿಲ್ವಾ?" ಎಂದೆ.

"ಇತ್ತು. ವಾರಕ್ಕೆ ಎರಡು ಸಲ, ಮೂರು ಮೂರು ಗಂಟೆ."

"ಮತ್ತೆ ಅವರಿಗೇನಂತ ಬರೆದೆ?"

ಡಬ್ಬದ ಕೆಳಗಿಂದ ಕಾಗದ ಎಳೆದೆ. ಅವಳು ಕಳಿಸಿದ್ದ ಅರ್ಜಿಯ ಪ್ರತಿಯನ್ನೂ ಜೊತೆಗೆ ಲಗತ್ತಿಸಿದ್ದರು. ಹಳೆಯ ಕಾಲೇಜು ಆ ವಿಭಾಗವನ್ನೇ ಮುಚ್ಚಿದ್ದರಿಂದ ಪಠ್ಯಕ್ರಮ ಎಲ್ಲೂ ಸಿಗದೆ, ಏನು ಕಲಿತಿರಿ ಎಂದು ಅವಳನ್ನೇ ಕೇಳಿದ್ದರು. ಹತ್ತು ಸಾಲಿನ ಜಾಗದಲ್ಲಿ ಅವಳ ದುಂಡು ಅಕ್ಷರದ ಒಂದು ಸಾಲು: 'ಹೆಚ್ಚೇನಿಲ್ಲ, ಬಹುಪಾಲು ಅಡುಗೆ.'

"ಆರ್ಡಿಸ್! ಯಾಕೆ ಹೀಗೆ ಬರೆದೆ?"

"ಇನ್ನೇನು ಬರೀಲಿ? ನಾನು ದೊಡ್ಡ ವಿಜ್ಞಾನಿ ಅಂತಲಾ?"

ನನಗೆ ಸಿಟ್ಟು ಬಂತು, ಆದರೆ ಆಶ್ಚರ್ಯವಾಗಲಿಲ್ಲ. ನಮ್ಮೂರಲ್ಲಿ ತನ್ನ ಬಗ್ಗೆ ತಾನೇ ಒಳ್ಳೆಯ ಮಾತಾಡುವುದೆಂದರೆ ಊಟದ ಮೇಜಿನ ಮೇಲೆ ಕಾಲಿಟ್ಟಂತೆ. ಅದರಲ್ಲೂ ಹೆಂಗಸರು. ನೂರು ಜನಕ್ಕೆ ಬಡಿಸಿ ಬಂದವಳು 'ಏನೋ ಸ್ವಲ್ಪ ತಿಂಡಿ ಮಾಡಿದ್ದೆ' ಅನ್ನಬೇಕು. ನಾನೂ ಹಾಗೇ ಅನ್ನುತ್ತ ಬಂದವಳೇ.

ಮೇಲ್ಮನವಿಗೆ ಅವಕಾಶವಿತ್ತು. ಗುರುವಾರ ಒಂದೂವರೆಗೆ ಸಮಿತಿಯ ಮುಂದೆ ನಿಂತು ಮಾತಾಡಬೇಕು. ಮಂಗಳವಾರ ಬೆಳಿಗ್ಗೆ ಕಚೇರಿಗೆ ಫೋನ್ ಮಾಡಿ ನಾನೇ ಹೆಸರು ಬರೆಸಿದೆ. ಅದೇ ಮಧ್ಯಾಹ್ನ ಊರಿನ ಹಿರಿಯ ಪಾಲ್ಮರ್ ಅಜ್ಜ ತೀರಿಕೊಂಡರು. ಚರ್ಚಿನಲ್ಲಿ ಅಂತ್ಯಕ್ರಿಯೆ ಗುರುವಾರ ಹನ್ನೊಂದಕ್ಕೆ, ಊಟ ಹನ್ನೆರಡಕ್ಕೆ. ಮೇ ತಿಂಗಳು ಚರ್ಚಿನ ಹೆಂಗಸರಲ್ಲಿ ಅಡುಗೆಯ ಸರದಿ ಆರ್ಡಿಸ್‌ಳ ಗುಂಪಿನದು.

"ನಾನು ನಗರಕ್ಕೆ ಬರಲ್ಲ ಲವೋನ್," ಎಂದಳು. "ನೂರ ನಲವತ್ತು ಜನ. ಸಾವಿನ ಊಟ ಬಿಟ್ಟು ನನ್ನ ಹೆಚ್ಚುಗಾರಿಕೆ ಹೇಳ್ಕೊಳ್ಳೋಕೆ ಹೋಗ್ಲಾ?"

"ಪಾಲ್ಮರ್ ಅಜ್ಜ ಎದ್ದುಬಂದು ಬನ್ನಿನೊಳಗಿನ ಹ್ಯಾಮ್ ತುಂಡು ಲೆಕ್ಕ ಮಾಡಲ್ಲ."

"ಜನ ಮಾಡ್ತಾರೆ."

ಗುರುವಾರ ಹನ್ನೆರಡಾದರೂ ಚರ್ಚಿನ ನೆಲಮಾಳಿಗೆಯ ಅಡುಗೆಮನೆಯಲ್ಲಿ ಆರ್ಡಿಸ್ ಬನ್ನುಗಳಿಗೆ ಬೆಣ್ಣೆ ಹಚ್ಚುತ್ತಿದ್ದಳು. ನಾನು ಲೈಲ್‌ಗೆ ಫೋನ್ ಮಾಡಿದೆ.

"ಇಲ್ಲಿಗೆ ಬಾ. ಬನ್ನಿಗೆ ಬೆಣ್ಣೆ ಹಚ್ಚಬೇಕು."

"ನಾನಾ? ಆ ಅಡುಗೆಮನೆಗೆ ಗಂಡಸರು ಯಾರೂ ಬರಲ್ಲ ಕಣೇ."

"ಹೌದು, ಅದಕ್ಕೇ ಎಲ್ಲಾ ಹೆಂಗಸರಿಗೂ ಬೆನ್ನುನೋವು. ಸಾಯಂಕಾಲ ನಿನ್ನ ಊಟ ಮೇಜಿನ ಮೇಲೆ ಇರಬೇಕಾ, ಬೇಡ್ವಾ?"

ಅವನು ಬಂದ. ಚಾಕು ಎಲ್ಲಿ, ತಟ್ಟೆ ಎಲ್ಲಿ, ಬೆಣ್ಣೆ ಎರಡೂ ಕಡೆ ಹಚ್ಚಬೇಕಾ ಎಂದು ನಾಲ್ಕು ನಿಮಿಷದಲ್ಲಿ ಆರು ಪ್ರಶ್ನೆ ಕೇಳಿದ. ಆರ್ಡಿಸ್ ಪ್ರತಿಯೊಂದಕ್ಕೂ ಉತ್ತರ ಕೊಡುತ್ತ ಅಲ್ಲೇ ನಿಂತಳು. ಅವಳ ಏಪ್ರನ್ನಿನ ಗಂಟನ್ನು ನಾನೇ ಬಿಚ್ಚಿ, ತೋಳು ಹಿಡಿದು ಮೆಟ್ಟಿಲು ಹತ್ತಿಸಿದೆ. ಹನ್ನೆರಡು ಇಪ್ಪತ್ತಾಗಿತ್ತು. ನಗರಕ್ಕೆ ಒಂದು ಗಂಟೆಯ ದಾರಿ. ಬೀಟ್‌ರೂಟ್ ಹೊಲಗಳ ನಡುವೆ ಟ್ರ್ಯಾಕ್ಟರೊಂದರ ಹಿಂದೆ ಸಿಕ್ಕಿಕೊಂಡು ಎಂಟು ನಿಮಿಷ ತೆವಳಿದೆವು.

ಸಮಿತಿಯಲ್ಲಿ ಮೂವರಿದ್ದರು. ಅಧ್ಯಕ್ಷೆ, ರಿಜಿಸ್ಟ್ರಾರ್ ಕಚೇರಿಯ ಒಬ್ಬ ಹೆಂಗಸು, ರಸಾಯನಶಾಸ್ತ್ರದ ಒಬ್ಬ ಪ್ರೊಫೆಸರು. ನಾನು ಹಿಂದೆ ಕೂರಬಹುದು, ಬಾಯಿ ಬಿಡುವಂತಿಲ್ಲ ಎಂದರು.

"ಲ್ಯಾಬಿನಲ್ಲಿ ಏನೇನು ಮಾಡ್ತಿದ್ರಿ?" ಅಧ್ಯಕ್ಷೆ ಕೇಳಿದರು.

"ಅಂಥಾದ್ದೇನಿಲ್ಲ," ಎಂದಳು ಆರ್ಡಿಸ್.

ಅಧ್ಯಕ್ಷೆ ಕಾದರು. ಆರ್ಡಿಸ್ ಕೈಗಳನ್ನು ನೋಡಿಕೊಳ್ಳುತ್ತಿದ್ದಳು, ಉಗುರಿನ ಸಂದಿಯಲ್ಲಿ ಇನ್ನೂ ಬೆಣ್ಣೆಯಿತ್ತು. ಬಾಯಿ ಬಿಡದಿರಲು ನಾನು ತುಟಿ ಕಚ್ಚಿ ಹಿಡಿದೆ.

"ಸಕ್ಕರೆ ಕುದಿಸ್ತಿದ್ವಿ. ಮೊಟ್ಟೆ, ಹಾಲು... ಹೀಗೇ."

ಪ್ರೊಫೆಸರು ಅರ್ಜಿಯನ್ನು ಮುಂದಕ್ಕೆ ತಳ್ಳಿದರು. "ನೋಡಿ, ನೀವೇ ಬರೆದಿದ್ದೀರಿ. ನನ್ನ ಹೆಂಡತಿಯೂ ಮೂವತ್ತು ವರ್ಷದಿಂದ ಅಡುಗೆ ಮಾಡ್ತಿದ್ದಾಳೆ. ಅವಳಿಗೂ ಕ್ರೆಡಿಟ್ ಕೊಟ್ಟುಬಿಡೋಣವಾ?"

ನಕ್ಕದ್ದು ಅವರೊಬ್ಬರೇ. ಆರ್ಡಿಸ್ ತಲೆಯೆತ್ತಿದಳು.

"ಕೊಡಬಹುದು," ಎಂದಳು. "ಮೂವತ್ತು ವರ್ಷ ಅವರು ಮಾಡಿದ್ದನ್ನ ಅಳೆದು, ಬರೆದು, ತಪ್ಪಾದಾಗ ಯಾಕೆ ತಪ್ಪಾಯ್ತು ಅಂತ ಹುಡುಕಿದ್ರೆ ಕೊಡಬಹುದು. ನಾವು ಅದನ್ನೇ ಮಾಡಿದ್ದು."

"ಅಂದ್ರೆ?"

"ಸಕ್ಕರೆ ತೂಕ ಮಾಡಿ ನೀರಿಗೆ ಹಾಕಿ ಕುದಿಸ್ತಿದ್ವಿ. ಪಾಕ ಗಟ್ಟಿಯಾದ ಹಾಗೆಲ್ಲ ಕುದಿಯೋ ಶಾಖ ಎಷ್ಟು ಏರಿತು ಅಂತ ನಕ್ಷೆ ಬರೀತಿದ್ವಿ. ಕೆಂಪು ಕೋಸಿನ ರಸ ಹಾಕಿ, ಬಣ್ಣದಿಂದ ಹಾಲಿನ ಹುಳಿ ನೋಡಿ, ಆಮೇಲೆ ಕ್ಷಾರವನ್ನ ಹನಿಹನಿಯಾಗಿ ಬಿಟ್ಟು ಅಳೀತಿದ್ವಿ. ಒಂದೊಂದನ್ನೂ ಮೂರು ಸಲ."

"ಶಾಖ ಯಾಕೆ ಏರುತ್ತೆ?"

"ಸಕ್ಕರೆ ಕರಗಿದಾಗ ನೀರು ಆವಿಯಾಗಿ ಹೋಗೋದು ಕಷ್ಟ. ನೀರು ಕಡಿಮೆ ಆದಷ್ಟೂ ಹೆಚ್ಚು ಶಾಖ ಬೇಕು."

ಪ್ರೊಫೆಸರು ಮುಂದಕ್ಕೆ ಬಾಗಿದರು. ಮುಖದಲ್ಲಿ ನಗು ಇರಲಿಲ್ಲ. "ಇಲ್ಲಿ ಇನ್ನೂರ ಮೂವತ್ತೈದು ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿಸೋ ಪಾಕವನ್ನ ಡೆನ್ವರ್‌ನಲ್ಲಿ ಮಾಡಿದ್ರೆ?"

ಆರ್ಡಿಸ್ ಕಣ್ಣು ಮುಚ್ಚಿದಳು. ಅಧ್ಯಕ್ಷೆ ಗಡಿಯಾರ ನೋಡಿದರು.

"ಅದು ಎತ್ತರದ ಊರು, ಅಲ್ಲಿ ಗಾಳಿಯ ಒತ್ತಡ ಕಡಿಮೆ. ನೀರು ಇನ್ನೂರ ಎರಡಕ್ಕೇ ಕುದಿಯುತ್ತೆ. ಅಂದ್ರೆ ಇಲ್ಲಿಗಿಂತ ಹತ್ತು ಕಡಿಮೆ. ಇನ್ನೂರ ಇಪ್ಪತ್ತೈದಕ್ಕೆ ಇಳಿಸ್ಬೇಕು. ಇಲ್ಲಿಯ ಲೆಕ್ಕದಲ್ಲೇ ಇಟ್ರೆ ಕಲ್ಲಾಗುತ್ತೆ." ಆಮೇಲೆ ಸೇರಿಸಿದಳು: "ನನಗೆ ಆ ಕೋರ್ಸಿನಲ್ಲಿ ಎ ಬಂದಿತ್ತು. ತರಗತಿಯಲ್ಲಿ ಎ ಬಂದದ್ದು ಇಬ್ಬರಿಗೇ."

ಕಿವಿಯವರೆಗೂ ಕೆಂಪಾದಳು. ಆದರೆ ಆಡಿದ ಮಾತನ್ನು ವಾಪಸು ತೆಗೆದುಕೊಳ್ಳಲಿಲ್ಲ.

ನಮ್ಮನ್ನು ಹೊರಗೆ ಕೂರಿಸಿದರು. ಎರಡು ಗಂಟೆಯಾಯಿತು. ಎರಡೂ ಕಾಲು. ಒಳಗಿಂದ ಪ್ರೊಫೆಸರರ ದನಿ ಏರುವುದು ಕೇಳಿಸಿತು, ಶಬ್ದಗಳು ತಿಳಿಯಲಿಲ್ಲ. "ಹೋಗೋಣ, ಪಾತ್ರೆ ತೊಳೆಯೋಕಾದ್ರೂ ಸಿಗ್ತೀವಿ," ಎಂದು ಆರ್ಡಿಸ್ ಎದ್ದಳು. ಅವಳ ಸ್ವೆಟರಿನ ಅಂಚು ಹಿಡಿದು ಕೂರಿಸಿದೆ. ಎರಡೂ ಮುಕ್ಕಾಲಿಗೆ ರಿಜಿಸ್ಟ್ರಾರ್ ಕಚೇರಿಯ ಹೆಂಗಸು ಬಾಗಿಲು ತೆರೆದಳು.

"ನಾಲ್ಕೂ ಕ್ರೆಡಿಟ್ ಒಪ್ಪಿದ್ದೀವಿ. ಲ್ಯಾಬ್ ವಿಜ್ಞಾನ ಅಂತಲೇ," ಎಂದಳು. "ಪ್ರೊಫೆಸರು ಮೊದಲು ಮೂರು ಸಾಕು ಅಂದ್ರು. ಎಲ್ಲವನ್ನೂ ಮೂರು ಸಲ ಅಳೆದವರಿಗೆ ನಾಲ್ಕೇ ಸರಿ ಅಂತ ಅಧ್ಯಕ್ಷೆ ಬಿಡಲಿಲ್ಲ. ಡಿಗ್ರಿ ಪೂರ್ತಿಯಾಯ್ತು ಅನ್ನೋ ಪತ್ರ ಬೇಕಾ? ಐದು ನಿಮಿಷ."

ಶಾಲೆ ಮುಟ್ಟಿದಾಗ ನಾಲ್ಕಕ್ಕೆ ಏಳು ನಿಮಿಷವಿತ್ತು. ಬ್ರೆಕ್ಕೆ ಪತ್ರವನ್ನು ಎರಡು ಸಲ ಓದಿ, ಪತ್ರಿಕೆಯವರಿಗೆ ಫೋನ್ ಮಾಡಿ ಜಾಹೀರಾತು ಬೇಡವೆಂದರು. ಆರ್ಡಿಸ್‌ಳ ಕೈ ಕುಲುಕಿದರು. ಆಮೇಲೆ ಅವರ ಮುಖ ಚಿಂತೆಗೆ ತಿರುಗಿತು.

"ಹಾಗಾದ್ರೆ ಈಗ ನಿಮ್ಮ ಜಾಗ ಖಾಲಿಯಾಯ್ತಲ್ಲ. ಕೋಟು, ಮೂಗು, ಓದಿಸೋದು, ಆ ಝೆರಾಕ್ಸ್ ಮೆಷಿನ್ನು, ಟೀಚರ್ ಬರದಿದ್ರೆ ತರಗತಿ ನೋಡ್ಕೊಳ್ಳೋದು... ನಿಮ್ಮ ಥರ ಇದೆಲ್ಲಾ ಮಾಡೋರು ಯಾರಾದ್ರೂ ಗೊತ್ತಾ?"

"ಆ ಸಂಬಳಕ್ಕಾ?" ಎಂದಳು ಆರ್ಡಿಸ್. "ಇಲ್ಲ. ಮೂರು ಜನರನ್ನ ತಗೊಳ್ಳಿ."