ಅಪ್ಪನನ್ನು ಸ್ಕೂಟರಿನಲ್ಲಿ ಕರೆತಂದ ಸಿಸ್ಟರ್

ಮೊದಲ ಸಲ ನಮ್ಮ ಓಣಿಗೆ ಬಂದಾಗ ಸಿಸ್ಟರ್ ಎರಡೂ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದಿದ್ದರು. ಹಿಂದಿನ ದಿನ ಮಳೆಯಾಗಿತ್ತು. ನಮ್ಮೂರು ಸವಡಿಯ ಎರೆಮಣ್ಣು ಮೀನಖಂಡದವರೆಗೂ ಮೆತ್ತಿಕೊಂಡು, ಬಿಳಿ ಸೀರೆಯ ಕೆಳಗೆ ಕಪ್ಪು ಕಾಲುಚೀಲ ತೊಟ್ಟವರಂತೆ ಕಾಣುತ್ತಿದ್ದರು. ಅಷ್ಟು ಎತ್ತರದ ಹೆಂಗಸನ್ನು ನಾನು ನೋಡಿರಲಿಲ್ಲ. ನಮ್ಮ ಬಾಗಿಲಿಗೆ ತಲೆ ಬಗ್ಗಿಸಿ, "ಸ್ವಲ್ಪ ನೀರು ಕೊಡ್ತೀರಾ? ಕುಡಿಯಲಿಕ್ಕೆ ಅಲ್ಲ, ಕಾಲಿಗೆ" ಎಂದರು. ಅವ್ವ ಕೊಡ ತಂದಿಟ್ಟಳು. ಅಪ್ಪ ಎದ್ದು ನಿಲ್ಲಲೂ ಇಲ್ಲ.

ಸಿಸ್ಟರ್ ಮಂಗಳೂರು ಕಡೆಯ ಕ್ರೈಸ್ತ ಸನ್ಯಾಸಿನಿ. ರೋಣದಲ್ಲಿ ಅವರ ಮಿಷನ್ನಿನ ಹೆಣ್ಣುಮಕ್ಕಳ ಹಾಸ್ಟೆಲ್ ನೋಡಿಕೊಳ್ಳುತ್ತಿದ್ದರು. ಸುಗ್ಗಿ ಮುಗಿದೊಡನೆ ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಹೋಗುವ ನಮ್ಮಂಥವರ ಮಕ್ಕಳು ಅಲ್ಲಿದ್ದು ಓದಬಹುದಿತ್ತು. ಖರ್ಚು ಪರದೇಶದ ಕ್ರೈಸ್ತರದು.

ಅಪ್ಪ ಎಲ್ಲವನ್ನೂ ಕೇಳಿಸಿಕೊಂಡ. "ಸಾಲಿ ಪುಕ್ಕಟೆ, ಊಟ ಪುಕ್ಕಟೆ, ಅಂಗಿ-ಅರಬಿನೂ ಪುಕ್ಕಟೆ. ಹಂಗಾರ ನಿಮಗೇನ ಸಿಗತೈತ್ರಿ?"

"ಒಳ್ಳೆ ಪ್ರಶ್ನೆ ಮಾರಾಯ್ರೇ" ಎಂದು ಸಿಸ್ಟರ್ ನಕ್ಕರೇ ಹೊರತು ಉತ್ತರ ಹೇಳಲಿಲ್ಲ. ಅವರು ಹೋದ ಮೇಲೆ ಅಪ್ಪ ಅದನ್ನೇ ಹಿಡಿದ. "ನೋಡಿದ್ಯಾ? ಹೇಳಲಿಲ್ಲ ಆಕಿ. ಏನರ ಇದ್ದ ಐತಿ."

ಅವ್ವನ ಅಂಜಿಕೆ ಬೇರೆಯದಾಗಿತ್ತು. "ಬೆಳೆದ ಹುಡುಗೀನ ಗೋವಾದಾಗ ಪತ್ರಾಸಿನ ಶೆಡ್ಡಿನ್ಯಾಗ ಬಿಟ್ಟು ನಾ ಕೆಲಸಕ್ಕ ಹ್ಯಾಂಗ ಹೋಗ್ಲಿ?" ಎಂದು ಅತ್ತಳು. ಅದಕ್ಕೇ ನಾನು ಹಾಸ್ಟೆಲ್ ಸೇರಿದ್ದು.

ಅಪ್ಪ ನೋಡಲು ಬಂದಾಗಲೆಲ್ಲ ಗೇಟಿನ ಹೊರಗೇ ನಿಲ್ಲಿಸಿ ಕೇಳುವ ಮೊದಲ ಮಾತು, "ನಿನ್ನ ಹೆಸರ ಹೇಳ ನೋಡೂಣು." ಕ್ರೈಸ್ತಳನ್ನಾಗಿ ಮಾಡಿ ಹೆಸರು ಬದಲಿಸಿದ್ದಾರೇನೋ ಎಂಬ ಸಂಶಯ ಅವನಿಗೆ. ನಾನು ಹಳೆಯ ಹೆಸರನ್ನೇ ಹೇಳಿದ ಮೇಲೆ ತಂದ ಚೂಡಾದ ಗಂಟು ಬಿಚ್ಚುತ್ತಿದ್ದ. ಗೇಟಿನ ಒಳಗೆ, ಸಂಶಯ ಪಡುವುದರಲ್ಲಿ ನಾನೂ ಅವನ ಮಗಳೇ. ಸಿಸ್ಟರ್ ಹೇನು ತೆಗೆಯುತ್ತ ಹಾಡಿದರೆ ಹಾಡಿನಲ್ಲಿ ಯಾರ ಹೆಸರಿದೆ ಎಂದು ಕಿವಿಗೊಡುತ್ತಿದ್ದೆ. ನಮ್ಮ ಜೊತೆಗೇ ಕೂತು ಉಂಡು, ತಮ್ಮ ತಾಟನ್ನು ತಾವೇ ತೊಳೆದರೆ, ಇದೂ ಏನೋ ಹೂಟ ಎನಿಸುತ್ತಿತ್ತು. ವರ್ಷಕ್ಕೊಮ್ಮೆ ನಮ್ಮ ಫೋಟೋ ತೆಗೆದು ಕಳಿಸುತ್ತಿದ್ದರು. ಅವು ಎಲ್ಲಿಗೆ ಹೋಗುತ್ತವೆ ಎಂದು ನಮಗ್ಯಾರಿಗೂ ಗೊತ್ತಿರಲಿಲ್ಲ.

ಒಂಬತ್ತನೇ ಇಯತ್ತೆಯಲ್ಲಿ ನನಗೆ ಜ್ವರ ಬಂತು. ಮಧ್ಯಾಹ್ನ ಕಣ್ಣು ಬಿಟ್ಟರೆ ಸಿಸ್ಟರ್ ನನ್ನ ಹಣೆಯ ಮೇಲೆ ಕೈಯಿಟ್ಟು ತುಟಿ ಅಲುಗಿಸುತ್ತಿದ್ದರು. ನಾನು ಕೈ ತಳ್ಳಿದೆ.

"ಏನ್ ಮಾಡಾಕತ್ತೀರಿ ನನ್ನ ಮ್ಯಾಲ?"

"ಪ್ರಾರ್ಥನೆ. ಬೇಡವಾ?"

"ಬ್ಯಾಡ."

"ಸರಿ." ಒದ್ದೆ ಬಟ್ಟೆ ಹಿಂಡಿ ಹಣೆಗೆ ಹಾಕಿದರು. ತುಸು ಹೊತ್ತಿನ ಮೇಲೆ ತಾವಾಗಿಯೇ ಹೇಳಿದರು: "ನೀನು ಯೇಸುವನ್ನು ನಂಬಬೇಕು ಅಂತ ನನಗೆ ಆಸೆ ಉಂಟು. ಇಲ್ಲ ಅಂತ ಸುಳ್ಳು ಹೇಳಲಿಕ್ಕೆ ಆಗುವುದಿಲ್ಲ. ಆದರೆ ನಿನ್ನ ಗಂಜಿಗೂ ಅದಕ್ಕೂ ಸಂಬಂಧ ಇಲ್ಲ. ಗಂಜಿ ಕುಡಿ."

ಕುಡಿದೆ. ಆದರೆ ಆ ಮಾತಿನಿಂದ ಸಮಾಧಾನವಾಗುವ ಬದಲು ಭಯ ಹೆಚ್ಚಿತು. ಅಪ್ಪ ಹೇಳಿದ್ದು ಖರೇ ಅಂದಂತಾಯಿತಲ್ಲ!

ಹತ್ತನೇ ಇಯತ್ತೆಯ ಚಳಿಗಾಲದಲ್ಲಿ ಖರ್ಚು ಕೊಡುವ ಪರದೇಶದವರು ಹಾಸ್ಟೆಲ್ ನೋಡಲು ಬಂದರು. ಅವರಲ್ಲೊಬ್ಬ ಬಿಳಿಗೂದಲಿನ ಅಜ್ಜಿ ನನ್ನ ಫೋಟೋ ಕೈಯಲ್ಲಿ ಹಿಡಿದು ನನ್ನನ್ನೇ ಹುಡುಕಿಕೊಂಡು ಬಂದು, ಕೆನ್ನೆ ಸವರಿ ಅತ್ತರು. ಅವರ ಇಂಗ್ಲಿಷಿನಲ್ಲಿ ನನಗೆ ತಿಳಿದದ್ದು ಒಂದೇ ಶಬ್ದ, ಆರ್ಫನ್. ಸಾಲೆಯಲ್ಲಿ ಕಲಿತಿದ್ದೆ.

ಅವರು ಚಹಾ ಕುಡಿಯಲು ಹೋದಾಗ ಸಿಸ್ಟರನ್ನು ಅಡುಗೆಮನೆಯ ಹಿಂದೆ ತಡೆದೆ. "ನಾ ಅನಾಥ ಏನ್ರಿ? ನಮ್ಮವ್ವ, ನಮ್ಮಪ್ಪ ಸತ್ತಾರೇನು?"

ಅವರ ಮುಖದ ಬಣ್ಣ ಹೋಯಿತು. "ಹಾಗೆ ತಿಳಿಸಿದ್ದು ನಾನಲ್ಲ, ದೊಡ್ಡ ಕಚೇರಿಯವರು. ಅನಾಥೆ ಅಂದರೆ ಬೇಗ ಸಹಾಯ ಬರುತ್ತದೆ ಅಂತ." ಸೆರಗಿನಿಂದ ಮುಖ ಒರೆಸಿಕೊಂಡರು. "ಆದರೆ ನನಗೆ ಗೊತ್ತಿತ್ತು. ಸುಮ್ಮನಿದ್ದೆ."

ಇಷ್ಟು ವರ್ಷ ಕಾದು ಹಿಡಿದ ಕಳ್ಳತನವಿದು. ಆದರೂ ಹಿಡಿದ ಖುಷಿಯಾಗಲಿಲ್ಲ.

ಮರುದಿನ ಬೆಳಿಗ್ಗೆ ಸಿಸ್ಟರ್ ಸ್ಕೂಟರ್ ತೆಗೆದುಕೊಂಡು ಎಲ್ಲಿಗೋ ಹೋದರು. ತಿರುಗಿ ಬಂದಾಗ ಹಿಂದಿನ ಸೀಟಿನಲ್ಲಿ, ಬಿದ್ದೇನೆಂಬ ಅಂಜಿಕೆಗೆ ಬೆನ್ನ ಹಿಂದಿನ ಸ್ಟೆಪ್ನಿ ಗಾಲಿಯನ್ನು ಗಟ್ಟಿಯಾಗಿ ಹಿಡಿದು ಅಪ್ಪ ಕೂತಿದ್ದ. ಹೊಲದಿಂದಲೇ ಎಬ್ಬಿಸಿ ತಂದಿದ್ದರು. ಅವನ ರುಮಾಲಿಗೆ ಹತ್ತಿಯ ಅರಳೆ ಅಂಟಿತ್ತು.

ಪರದೇಶದವರೆಲ್ಲ ಕೂತಿದ್ದ ದೊಡ್ಡ ಕೋಣೆಯೊಳಗೆ ಅವನ ಕೈ ಹಿಡಿದು ಮುಂದೆ ನಿಲ್ಲಿಸಿದರು. ಇಂಗ್ಲಿಷಿನಲ್ಲಿ ಹೇಳಿ, ಆಮೇಲೆ ಅಪ್ಪನಿಗಾಗಿ ಕನ್ನಡದಲ್ಲಿಯೂ ಹೇಳಿದರು: "ಇವರು ಈ ಹುಡುಗಿಯ ತಂದೆ. ತಾಯಿ ಹತ್ತಿ ಬಿಡಿಸ್ತಾ ಇದ್ದಾರೆ. ಈಕೆ ಅನಾಥೆ ಅಂತ ನಿಮಗೆ ಹೇಳಿದ್ದು ಸುಳ್ಳು. ಅದು ಗೊತ್ತಿದ್ದೂ ನಾನು ಬಾಯಿ ಮುಚ್ಚಿಕೊಂಡಿದ್ದೆ."

ಅಜ್ಜಿ ಕನ್ನಡಕ ತೆಗೆದು ಅಪ್ಪನನ್ನೇ ನೋಡುತ್ತಿದ್ದರು. ಅಪ್ಪ ಸಿಸ್ಟರ್ ಹಿಡಿದಿದ್ದ ಕೈ ಕೊಸರಿಕೊಂಡ. "ನನ್ನ ಜೀಂವಂತ ಕೊಂದ್ರೇನ್ರಿ? ನಡಿ ಮಗಳ, ಊರಿಗೆ."

"ಕರ್ಕೊಂಡು ಹೋಗಿ. ನಿಮ್ಮ ಮಗಳು" ಎಂದರು ಸಿಸ್ಟರ್. "ಪರೀಕ್ಷೆಗೆ ಮಾತ್ರ ಕಳಿಸಿ."

ಅಪ್ಪ ನನ್ನತ್ತ ತಿರುಗಿದ. "ನೀ ಏನಂತಿ?"

ಅಲ್ಲಿಯವರೆಗೆ ಅವನು ನನ್ನನ್ನು ಹಾಗೆ ಕೇಳಿರಲಿಲ್ಲ. "ಇರ್ತೀನಪ್ಪ" ಎಂದೆ. ಅವನು ಚಹಾ ಮುಟ್ಟದೆ, ಸ್ಕೂಟರ್ ಬೇಡವೆಂದು ಬಸ್‌ಸ್ಟ್ಯಾಂಡಿಗೆ ನಡೆದೇ ಹೋದ.

ನನ್ನ ಪರೀಕ್ಷೆಗೆ ಮೊದಲೇ ಸಿಸ್ಟರಿಗೆ ಬೇರೆ ಕಡೆಗೆ ವರ್ಗವಾಯಿತು. ಕಾರಣ ಯಾರೂ ಹೇಳಲಿಲ್ಲ, ಹೇಳುವುದೂ ಬೇಕಿರಲಿಲ್ಲ. ಆದರೂ ನಾನು ನರ್ಸಿಂಗ್ ಮುಗಿಸುವ ತನಕ ಸಹಾಯ ಬರುತ್ತಲೇ ಇತ್ತು. ಯಾರು ಕಳಿಸುತ್ತಾರೆ ಎಂದು ಫೋನಿನಲ್ಲಿ ಸಿಸ್ಟರನ್ನು ಕೇಳಿದರೆ, "ಅದೇ ಅಜ್ಜಿ" ಎನ್ನುತ್ತಿದ್ದರು. ನಾನು ಅದನ್ನೂ ಪೂರಾ ನಂಬಲಿಲ್ಲ. ಈಗ ಗಜೇಂದ್ರಗಡದ ದವಾಖಾನೆಯಲ್ಲಿ ನರ್ಸ್ ಆಗಿದ್ದೇನೆ. ಆ ಉತ್ತರ ಖರೇನೋ ಅಲ್ಲವೋ ಇವತ್ತಿಗೂ ಗೊತ್ತಿಲ್ಲ.

ಹೋದ ವರ್ಷ ಸಿಸ್ಟರ್ ತೀರಿಕೊಂಡ ಸುದ್ದಿ ಬಂದಾಗ, ನಾನು ಕರೆಯದಿದ್ದರೂ ಅಪ್ಪ ಅಂಗಿ ತೊಟ್ಟು ಹೊರಟು ನಿಂತಿದ್ದ. ಗದಗಿಗೆ ಹೋಗಿ ಅಲ್ಲಿಂದ ಬಸ್ ಹಿಡಿದು ಮಂಗಳೂರು ಮುಟ್ಟಿದೆವು. ಮಣ್ಣು ಹಾಕುವ ಸರದಿಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಸಿಸ್ಟರ್, "ನೀವು ಅವರಿಗೆ ಏನಾಗಬೇಕು?" ಎಂದು ಅಪ್ಪನನ್ನು ಕೇಳಿದರು.

"ಏನೂ ಆಗಬೇಕಿಲ್ರಿ. ಇವರ ಮ್ಯಾಲ ನನಗ ಭಾಳ ಸಂಶೇ ಇತ್ತು. ಕಡೀತನಾ ಇತ್ತು." ಅಪ್ಪ ಬಗ್ಗಿ ಒಂದು ಹಿಡಿ ಕೆಂಪು ಮಣ್ಣು ತೆಗೆದುಕೊಂಡ. "ಆದ್ರ ಅಷ್ಟು ಮಂದಿ ಮುಂದ ನಾ ಜೀಂವಂತ ಅದೀನಂತ ಹೇಳಿದಾಕಿ ಈಕಿ ಒಬ್ಬಾಕೇ ನೋಡ್ರಿ."

ಮಣ್ಣು ಹಾಕಿ, ಸರದಿಯಿಂದ ಆಚೆ ಹೋಗಿ, ರುಮಾಲು ಬಿಚ್ಚಿ ನಿಂತುಕೊಂಡ.